ಸ್ವಯಂಸೇವಕ ಅನ್ನಲು ಉರ್ದು ಮಾತು

ನಿಜಾಮರ ಆಳ್ವಿಕೆ ಮುಗಿದ ಮೇಲಿನ ಮೂರನೆಯ ಬೇಸಿಗೆ. ಸುರಪುರದ ಹೈಸ್ಕೂಲಿನಲ್ಲಿ ಪಾಠಗಳು ಉರ್ದುವಿನಿಂದ ಕನ್ನಡಕ್ಕೆ ಹೊರಳಿದ್ದವು. ಹಳೆಯ ಉರ್ದು ಮಾಸ್ತರ ಜಲಾಲುದ್ದೀನರಿಗೆ ಉಳಿದದ್ದು ಹಿಂದಿನ ಬೆಂಚುಗಳ ಒಂದಿಷ್ಟು ಮುಸಲ್ಮಾನ ಹುಡುಗರು. ಮುಂದಿನ ಬೆಂಚಿನ ಹಿಂದೂಗಳು ಆ ಹುಡುಗರ ಮುಖ ನೋಡುತ್ತಿರಲಿಲ್ಲ. ಆಳ್ವಿಕೆ ಮುಗಿಯುವ ಹೊತ್ತಿನ ಗಲಭೆಯಲ್ಲಿ ಎರಡೂ ಕಡೆಯ ಮನೆಗಳಲ್ಲಿ ಸತ್ತವರಿದ್ದರು.

ಇವರನ್ನು ಒಟ್ಟಿಗೆ ಕೂಡಿಸಬೇಕೆಂದು ಅದೇ ಶಾಲೆಯ, ಹುಣಸಗಿಯ ಅಮರಪ್ಪ ಮಾಸ್ತರರು ರಜೆಯಲ್ಲಿ ಸ್ವಯಂಸೇವಕ ಶಿಬಿರ ನಡೆಸಲು ಹೊರಟರು. ಬಾವಿಯ ಹೂಳೆತ್ತುವುದು, ಹಾದಿ ಸರಿಮಾಡುವುದು. ಎರಡೂ ಕಡೆಯವರು ಬಾರದಿದ್ದರೆ ನಡೆಸುವುದೇ ಇಲ್ಲ ಎಂದರು. ಜಲಾಲುದ್ದೀನರು ಓಣಿ ಓಣಿ ತಿರುಗಿದರು. ಗಂಡನನ್ನು ಕಳೆದುಕೊಂಡ ಚಮನಬೀ ಕೂಡ ಮಗನನ್ನು ಕಳಿಸಲು ಒಪ್ಪಿದಳು.

ಬೆಳಗಿನ ಪ್ರಾರ್ಥನೆಯಾದ ಮೇಲೆ ಅಮರಪ್ಪ ಕನ್ನಡದಲ್ಲಿ ಶಿಬಿರದ ವಿಷಯ ಹೇಳಿದರು. ಜಲಾಲುದ್ದೀನರು ಅದನ್ನೇ ಉರ್ದುವಿನಲ್ಲಿ ಹೇಳುತ್ತ ಹೋದರು. ಬಾಳೆಲ್ಲ ಮಕ್ಕಳಿಗೆ ಶಬ್ದಾರ್ಥ ಬರೆಸಿದ ನಾಲಿಗೆ ಅದು. ‘ಸ್ವಯಂಸೇವಕ’ ಬಂದಾಗ ಅದಕ್ಕೆ ಸರಿಯಾದ ಮಾತೇ ಹೊರಬಿತ್ತು.

“ರಜಾಕಾರ.”

ನಿಜಾಮರ ಪರವಾಗಿ ಊರುಗಳನ್ನು ಸುಟ್ಟ ದಂಡಿನ ಹೆಸರು. ಆ ದಂಡು ಹೊತ್ತುಕೊಂಡು ಹೋಗುವ ಮೊದಲು ಆ ಮಾತಿಗೆ ತಾನಾಗಿ ಬಂದು ದುಡಿಯುವವನು ಎಂದಷ್ಟೇ ಅರ್ಥವಿತ್ತು. ಈಗ ಅದನ್ನು ಯಾರಿಗೆ ಹೇಳುವುದು?

ಆ ದಂಡಿನ ಕೈಯಲ್ಲಿ ತಂದೆಯನ್ನು ಕಳೆದುಕೊಂಡ, ಮುಂದಿನ ಬೆಂಚಿನ ವೆಂಕಪ್ಪ ಪಾಟಿಚೀಲ ಎತ್ತಿಕೊಂಡ. “ಎದಿಯಾಗಿದ್ದದ್ದು ಬಾಯಿಗಿ ಬಂತು ನೋಡ್ರಲೇ,” ಎಂದು ಹೊರಟೇಹೋದ.

ಮಾಸ್ತರರ ಕೋಣೆಯಲ್ಲಿ ಅಮರಪ್ಪ ಬಾಗಿಲು ಮುಂದೆ ಮಾಡಿದರು.

“ಬ್ಯಾರೆ ಮಾತ ಇದ್ದಿಲ್ಲೇನ್ರಿ ನಿಮ್ಮ ಉರ್ದುದಾಗ?”

“ನಾಲಿಗಿಗಿ ಅದೊಂದ ಗೊತ್ತಿತ್ರಿ. ಅದನ್ನೂ ಹೊಲಸ ಮಾಡಿ ಹೋದ್ರು.”

“ಹೆಸರ ಬದಲಿ ಮಾಡೂಣು. ನಾಯಕರ ಶಿಬಿರ ಅಂತ ಬರ್ಯೂಣು.”

“ಸುರಪುರದಾಗ ನಾಯಕ್ರು ಅಂದ್ರ ದೊರಿ ಮನಿತನದವ್ರು ಆತ್ರಿ. ಅವ್ರ ಹುಡುಗ್ರಷ್ಟ ಬರ್ತಾರ, ಉಳಿದವ್ರು ಬಾಗಲದಾಗ ತಲಿ ಬಾಗಿಸಿ ಮುಜ್ರೆ ಮಾಡಿ ಹೋಗ್ತಾರ.”

ಅಮರಪ್ಪನವರಿಗೆ ನಗು ಬಂತು. “ಮತ್ತ ಏನನ್ನೂಣ್ರಿ?”

“ಮುಂದಾಳು ಅನ್ರಿ. ಅದಿನ್ನಾ ಯಾರ ಕೈಯಾಗೂ ಸಿಕ್ಕಿಲ್ಲ.”

“ಮುಂದಾಳು ಅಂದ್ರ ಬರೇ ಹೂಳೆತ್ತಿಸಿದ್ರ ಆಗಂಗಿಲ್ರಿ. ಸಭಾ ನಡಸೂದು, ಎದ್ದು ನಿಂತು ಮಾತಾಡೂದು ಕಲಸಬೇಕಾಗ್ತದ.”

“ಕಲಸ್ರಿ.”

ಸಂಜೆ ಜಲಾಲುದ್ದೀನರು ಚಮನಬೀಯ ಮನೆಗೆ ಹೋದರು. ಸುದ್ದಿ ಮೊದಲೇ ಮುಟ್ಟಿತ್ತು. ಆಕೆ ಕುಳಿತುಕೊಳ್ಳಿ ಎನ್ನಲಿಲ್ಲ. ತನ್ನ ಗಂಡನನ್ನೂ ಅದೇ ಹೆಸರಿನಿಂದ ಕರೆದು ಹೊರಗೆಳೆದು ಕೊಂದಿದ್ದರು, ಅಲ್ಲವೆಂದರೂ ಯಾರೂ ಕೇಳಿರಲಿಲ್ಲ ಎಂದಳು. ಮಗ ಮುಂದೆ ನಿಲ್ಲುವುದು ಬೇಡ. ಹಿಂದೆಯೇ ಇರಲಿ, ಉಳಿದಿರಲಿ. ಉಳಿದ ಮನೆಗಳು ಬಾಗಿಲನ್ನೇ ತೆರೆಯಲಿಲ್ಲ.

ಶಿಬಿರದ ಮೊದಲ ದಿನ ಬೇವಿನ ನೆರಳಿನಲ್ಲಿ ಜಮಖಾನೆ ಹಾಸಿತ್ತು. ಮುಂದಿನ ಬೆಂಚಿನವರಷ್ಟೇ ಬಂದಿದ್ದರು. ತಾಯಿಯ ಕಾಟಕ್ಕೆ ವೆಂಕಪ್ಪನೂ ಬಂದಿದ್ದ. ಅಮರಪ್ಪ ಹಾದಿಯನ್ನು ನೋಡಿ ನೋಡಿ, “ಎದ್ದೇಳ್ರಿ, ಮನಿಗಿ ನಡೀರಿ,” ಎಂದರು.

ಜಲಾಲುದ್ದೀನರು ಚಪ್ಪಲಿ ಬಿಟ್ಟು, ಮೊಣಕಾಲು ಹಿಡಿದುಕೊಂಡು ಜಮಖಾನೆಯ ಮೇಲೆ ಹುಡುಗರ ಸಾಲಿನಲ್ಲಿ ಕುಳಿತರು.

“ಎರಡೂ ಕಡಿಯವ್ರು ಬಂದೀವಿ. ಸುರು ಮಾಡ್ರಿ.”

ಪಕ್ಕದಲ್ಲಿದ್ದ ವೆಂಕಪ್ಪ ಬಟ್ಟೆ ತಾಗದಂತೆ ಸರಿದ. ಎದ್ದು ಹೋಗಲಿಲ್ಲ.

ಎದ್ದು ನಿಂತು ಹೆಸರು, ಊರು ಹೇಳುವುದು ಮೊದಲ ಪಾಠ. ತಮ್ಮ ಸರದಿ ಬಂದಾಗ ಜಲಾಲುದ್ದೀನರು ಕನ್ನಡದಲ್ಲೇ ಹೇಳಿದರು, ಒಂದೊಂದು ಮಾತನ್ನೂ ಬಾಯೊಳಗೆ ತಿರುವಿ ನೋಡಿಕೊಂಡು.