ಕೋವಿಯ ಕುದುರೆಗೆ ಕುಂಕುಮ ಬೇಡ

ಹುಲಿಯೂರುದುರ್ಗದ ಬೆಟ್ಟದ ಬುಡದಲ್ಲಿ ಕಡ್ಲೆಕಾಯಿ ಹಾಕಿದವರಿಗೆ ಕಾಡುಹಂದಿಯ ಕಾಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಜೆ ನೋಡಿ ಬಂದ ಹೊಲ ಬೆಳಿಗ್ಗೆಗೆ ಉತ್ತ ಹಾಗಿರುತ್ತದೆ. ಜುಂಜಪ್ಪನ ಮನೆಯಲ್ಲಿ ಇದಕ್ಕೆಂದೇ ಒಂದು ಬೋಲ್ಟ್ ಕೋವಿ ಇತ್ತು. ಅವರಪ್ಪನ ಕಾಲದ್ದು, ಬೆಳೆ ಕಾವಲಿಗೆ ಲೈಸೆನ್ಸ್ ಪಡೆದದ್ದು. ಬೋಲ್ಟಿನ ಹಿಡಿ ಎತ್ತಿ ಹಿಂದಕ್ಕೆಳೆದು, ತೋಟಾ ಇಟ್ಟು, ಮುಂದಕ್ಕೆ ತಳ್ಳಿ ಮಡಚಿದರೆ ಸಿದ್ಧ. ಆಮೇಲೆ ಬೆರಳಿನಿಂದ ಕುದುರೆ ಎಳೆಯುವುದು. ಪೇಟೆಯವರು ಟ್ರಿಗ್ಗರ್ ಅನ್ನುವುದನ್ನು ನಮ್ಮ ಕಡೆ ಕುದುರೆ ಅಂತಲೇ ಕರೆಯುತ್ತೇವೆ.

ಎಪ್ಪತ್ತೆಂಟನೇ ಇಸವಿ. ಆಯುಧಪೂಜೆ ಮುಗಿದು ವಾರವಾಗಿತ್ತು. ಆ ಕುದುರೆ ಮೊಂಡು ಬಿತ್ತು. ಎಳೆದರೆ ಹಿಂದೆ ಬಂದದ್ದು ಅಲ್ಲೇ ನಿಲ್ಲುವುದು, ವಾಪಸು ಹೋಗದು.

"ಕುಣಿಗಲ್ ಕುದುರೆ ಫಾರಂಗೆ ಹೊಡ್ಕೊಂಡ್ ಹೋಗೋ ಜುಂಜ. ಹುಲ್ಲಾಕಿ ಪಳಗಿಸ್ಕೊಡ್ತಾರೆ" ಎಂದು ನೆರೆಮನೆಯ ಮೂಡಲಗಿರಿಯಪ್ಪ ಹಲ್ಲು ಬಿಟ್ಟ.

"ನಗು ನಗು. ಹಂದಿ ನಿನ್ ಹೊಲಕ್ ಬಂದಾಗ ಈ ಕುದುರೇನೇ ಬೇಕು ನಿಂಗೆ." ಜಗಲಿಯ ಮೇಲೆ ಕೂತಿದ್ದ ಜುಂಜಪ್ಪ ತೋರಿಸಲೆಂದು ತೋಟಾ ಇಟ್ಟು ಬೋಲ್ಟ್ ಮುಂದಕ್ಕೆ ತಳ್ಳಿದ. "ನೋಡು, ಹಿಂಗ್ ಮುಚ್ಚುದ್ರೆ..."

ಢಂ!

ಬೆರಳು ಕುದುರೆಯ ಹತ್ತಿರವೂ ಇರಲಿಲ್ಲ. ಅಂಗಳದ ತಗಡಿನ ಡ್ರಮ್ಮಿಗೆ ಎರಡು ತೂತು ಬಿದ್ದು ನೀರು ಚಿಮ್ಮಿತು. ಅದರ ಪಕ್ಕದಲ್ಲೇ ಮಣೆ ಹಾಕಿಕೊಂಡು ಪಾತ್ರೆ ಬೆಳಗುತ್ತಿದ್ದ ಹೆಂಡತಿ ಹೊಂಬಾಳಮ್ಮ, ಬೂದಿ ಮುಗಿಯಿತೆಂದು ಆಗಷ್ಟೇ ಎದ್ದು ಒಳಗೆ ಹೋಗಿದ್ದಳು. ಬೂದಿ ಹಿಡಿದು ಬಾಗಿಲಿಗೆ ಬಂದವಳು ಹಾಗೇ ನಿಂತಳು. ತಾನು ಕೂತಿದ್ದ ಮಣೆಯ ಮೇಲೆ ನೀರು ಸುರಿಯುತ್ತಿತ್ತು.

ಸಂಜೆಯ ಹೊತ್ತಿಗೆ ಜುಂಜಪ್ಪನ ಹಳೇ ಜಂಬ ತಿರುಗಿ ಬಂತು. "ಒಳಗೊಂದು ಕೊಕ್ಕೆ ಇರ್ತದೆ ಕಣೇ. ಅರ ತಗೊಂಡ್ ಒಂಚೂರು ಉಜ್ಜುದ್ರೆ ಸರಿಹೋಯ್ತದೆ."

"ಉಜ್ಜಿ. ನಾನು ಎಲ್ ಕೂತ್ಕಂಡು ಪಾತ್ರೆ ಬೆಳಗ್ಬೇಕು ಅಂತ ಮೊದ್ಲು ಹೇಳ್ಬುಡಿ."

ಅವನು ಅರವನ್ನು ಗೂಡಿನಲ್ಲಿಟ್ಟ.

ಮರುದಿನ ಗಂಡ ಹೆಂಡತಿ ತೋಟಾಗಳನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದರು. ಬೋಲ್ಟ್ ಬಿಚ್ಚಿ ಚೀಲಕ್ಕೆ ಹಾಕಿ, ಕೋವಿಗೆ ಕಂಬಳಿ ಸುತ್ತಿ, ಲೈಸೆನ್ಸ್ ಪುಸ್ತಕ ಹಿಡಿದು ಕುಣಿಗಲ್ ಮೇಲೆ ತುಮಕೂರಿನ ಬಸ್ಸು ಹತ್ತಿದರು. ಸರ್ದಾರ್ ಪಾಷಾ ಅಲ್ಲಿ ಕೋವಿ ರಿಪೇರಿಗೆ ಸರ್ಕಾರದ ಲೈಸೆನ್ಸ್ ಇದ್ದವರು.

"ತೋಟಾ ಇಲ್ಲ ತಾನೆ?" ಅದೇ ಅವರ ಮೊದಲ ಮಾತು. ಇಲ್ಲ ಅಂದರೂ ಕೋವಿಯನ್ನು ಗೋಡೆಯ ಕಡೆ ತಿರುಗಿಸಿ ಹಿಂದಿನಿಂದ ನಳಿಗೆಯೊಳಗೆ ಇಣುಕಿ ನೋಡಿದರು.

"ನಂಬ್ಕೆ ಇಲ್ವಾ ಸಾಬ್ರೇ?"

"ನಿಮ್ಮೇಲೆ ಐತೆ ಯಜಮಾನ್ರೇ. ಕೋವಿ ಮೇಲೆ ನಮ್ಮಪ್ಪಂಗೂ ಇರ್ಲಿಲ್ಲ."

ಕೋವಿಯ ಮರದ ಭಾಗ ಬಿಚ್ಚಿ, ಸೂಜಿಯಿಂದ ಕುದುರೆಯ ಸಂದು ಕೆರೆದು, ಬಿಳಿ ಕಾಗದದ ಮೇಲೆ ಉದುರಿಸಿದರು. ಕೆಂಪು ಹಳದಿ ಬೆರೆತ ಅಂಟು ಮುದ್ದೆ. ಮೂಸಿ ನೋಡಿದರು. "ಹರಳೆಣ್ಣೆ, ಅರಿಶಿನ, ಕುಂಕುಮ! ಯಾರಮ್ಮ ಇದು?"

ಹೊಂಬಾಳಮ್ಮನ ಮುಖ ಚಿಕ್ಕದಾಯಿತು. ಮದುವೆಯಾಗಿ ಬಂದಾಗಿನಿಂದ ಪ್ರತಿ ಆಯುಧಪೂಜೆಗೂ ಗಾಡಿಯ ಅಚ್ಚಿಗೆ ಹಾಕುವ ಎಣ್ಣೆಯನ್ನೇ ಕೋವಿಗೂ ಹುಯ್ಯುತ್ತಿದ್ದಳು. ಹೊಲದಲ್ಲಿ ಗಂಡನ ಜೀವ ಕಾಯುವುದು ಆ ಕುದುರೆ ತಾನೆ ಎಂದು ಅದಕ್ಕೇ ಬೊಟ್ಟಿಡುತ್ತಿದ್ದಳು.

"ನಾನೇ ಇಟ್ಟಿದ್ದು. ಇವ್ರು ಚೆನ್ನಾಗಿರ್ಲಿ ಅಂತ..." ಎಂದು ಸೆರಗನ್ನು ಕಣ್ಣಿಗೊತ್ತಿಕೊಂಡಳು.

"ಅಳ್ಬೇಡಿ ಅಮ್ಮ. ಗಾಡಿಗೆ ಆ ಎಣ್ಣೆ ಸರಿ. ಇಲ್ಲಿ ಅದು ಧೂಳು ಹಿಡ್ದು ಗೋಂದಾಗ್ತದೆ. ಕುದುರೆ ವಾಪಸ್ ಬರಲ್ಲ, ಒಳಗಿನ ಕೊಕ್ಕೆ ಕಚ್ಕೊಳಲ್ಲ. ಬೋಲ್ಟ್ ಮುಚ್ಚಿದ್ರೆ ಸಾಕು, ಗುಂಡು ತಾನೇ ಹಾರ್ತದೆ." ಪಾಷಾ ಕನ್ನಡಕ ಸರಿಮಾಡಿಕೊಂಡರು. "ಇಷ್ಟೇ ಅಲ್ಲ. ಈ ಸ್ಕ್ರೂ ಯಾರೋ ತಿರುವವ್ರೆ."

ಜುಂಜಪ್ಪ ಸೂರು ನೋಡಿದ. "ಅದು... ನಂಗೆ ಬೆರಳು ಸೆಟ್ಕತದೆ. ಕುದುರೆ ಹಗೂರ ಆಗ್ಲಿ ಅಂತ ಹೋದ್ವರ್ಸ ಒಂದ್ ಸುತ್ತು..."

"ನಂಗೆ ಹೇಳ್ಲೇ ಇಲ್ಲ!"

"ನೀನು ಒಳೀಕ್ ಎಣ್ಣೆ ಹುಯ್ದಿದ್ದು ನಂಗ್ ಹೇಳಿದ್ಯೇನೇ?"

"ಒಂದು ಕುದುರೆ ಕೆಡಿಸೋಕೆ ಇಬ್ರು!" ಪಾಷಾ ನಕ್ಕರು.

"ಒಳಗಿನ ಕೊಕ್ಕೆಗೆ ಅರ ಹಾಕಿದ್ರೆ ಏನಾಗ್ತಿತ್ತು ಸಾಬ್ರೇ?" ಜುಂಜಪ್ಪ ಕೇಳಿದ.

ಪಾಷಾ ನಗು ನಿಲ್ಲಿಸಿದರು. "ಕೊಕ್ಕೆ ಹಿಡ್ಕೊಂಡಿರೋದು ಉಗುರಿನ ಅಂಚಷ್ಟು ಜಾಗದಲ್ಲಿ. ಅದನ್ನ ಉಜ್ಜಿದ್ರೆ ಸೇಫ್ಟಿ ಲಾಕ್ ತೆಗ್ದ್ರೂ ಹಾರ್ತದೆ, ಕೈಜಾರಿ ಬಿದ್ರೂ ಹಾರ್ತದೆ. ಆಮೇಲೆ ನನ್ ಹತ್ರ ಬಂದು ಏನ್ ಮಾಡ್ತಿದ್ರಿ?"

ಜುಂಜಪ್ಪ ಹೆಂಡತಿಯ ಕಡೆ ನೋಡಿದ. ಮತ್ತೆ ಅರದ ಸುದ್ದಿ ಎತ್ತಲಿಲ್ಲ.

ಪಾಷಾ ಎಲ್ಲ ತೊಳೆದು, ಸ್ಕ್ರೂ ಸರಿಮಾಡಿ, ಖಾಲಿ ಕೋವಿಯ ಬೋಲ್ಟನ್ನು ಹತ್ತು ಸಲ ಜೋರಾಗಿ ಮುಚ್ಚಿದರು. ಕುದುರೆ ಅಲುಗಲಿಲ್ಲ.

ಮರುವರ್ಷ ಆಯುಧಪೂಜೆಗೆ ಬೋಲ್ಟ್ ಬಿಚ್ಚಿ ಬೇರೆ ತಟ್ಟೆಯಲ್ಲಿಟ್ಟಿದ್ದರು. ಹೊಂಬಾಳಮ್ಮ ಕೋವಿಯ ಮರಕ್ಕೆ ಮಾತ್ರ ಪುಟ್ಟ ಬೊಟ್ಟಿಟ್ಟಳು.

"ಕುದುರೆಗಿಲ್ವೇನೇ?"

"ಕುದುರೆಗೆ ಬೇಡ. ಸವಾರ ಈ ಕಡೆ ಬರ್ಲಿ" ಎಂದು ಉಳಿದ ಕುಂಕುಮವನ್ನು ಗಂಡನ ಹಣೆಗಿಟ್ಟಳು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಲೈಸೆನ್ಸ್ ಕೋವಿ ಇರಬಹುದು. ಕುದುರೆ ಬಿಗಿಯಾಯಿತೋ, ಸಡಿಲಾಯಿತೋ, ಬೋಲ್ಟ್ ಮುಚ್ಚಿದಾಗ ಗುಂಡು ತಾನೇ ಹಾರಿತೋ, ಅವತ್ತೇ ಬಳಸುವುದನ್ನು ನಿಲ್ಲಿಸಿ. ನಳಿಗೆ ಮನುಷ್ಯರು, ದನಕರು ಇಲ್ಲದ ಮಣ್ಣುದಿಬ್ಬದ ಕಡೆಗಿರಲಿ, ತೋಟಾ ತೆಗೆಯಿರಿ. ಲಾಕ್ ಇದೆ ಎಂದು ನಂಬಬೇಡಿ. ಗಾಡಿಯ ಎಣ್ಣೆ, ಅಡುಗೆಮನೆಯ ಎಣ್ಣೆ ಹುಯ್ಯಬೇಡಿ, ಅರ ಮುಟ್ಟಬೇಡಿ. ಲೈಸೆನ್ಸ್ ಇರುವ ರಿಪೇರಿಯವರಿಗೇ ತೋರಿಸಿ.

ಹೊಂಬಾಳಮ್ಮನ ಡ್ರಮ್ಮಿಗೆ ಬೆಸುಗೆ ಹಾಕಿಸಿದರು, ಈಗ ನೀರು ನಿಲ್ಲುತ್ತದೆ. ಮಣೆಯ ಮೇಲೆ ಕೂತವರಿಗೆ ಬೆಸುಗೆ ಹಾಕುವವರು ತುಮಕೂರಿನಲ್ಲೂ ಇಲ್ಲ.