ಕೀಲು ಕಾಣದ ಕದ

ದೇವರಗೂಡಿನ ಎರಡು ಕದಗಳನ್ನು ಹೆಗಲ ಮೇಲೆ ಹೊತ್ತು ಕೆರಿಯಪ್ಪ ಜಗಲಿ ಹತ್ತಿದ್ದೇ ತಡ, ಒಳಗಿನಿಂದ ಮೀನಾಕ್ಷಮ್ಮನವರ ದನಿ ಬಂತು.

"ಅಲ್ಲೇ ನಿಲ್ಲು ಕೆರಿಯಾ. ಕದ ಅಲ್ಲೇ ಇಟ್ಟು ಹೋಗು."

ಕೆರಿಯಪ್ಪನಿಗೆ ಮೊದಲು ಅರ್ಥವೇ ಆಗಲಿಲ್ಲ. ಆ ಮನೆಯ ಒಂದೊಂದು ಬಾಗಿಲನ್ನೂ ಕೂರಿಸಿದವನು ಅವನು. ಹಳೆಯ ಮನೆ ಶರಾವತಿಯ ನೀರಿನಲ್ಲಿ ಮುಳುಗಿದ ಮೇಲೆ ಆನಂದಪುರದ ಹತ್ತಿರ ಹೊಸದನ್ನು ಕಟ್ಟಿಸಲು ಹೊರಟ ರಾಮಚಂದ್ರಪ್ಪನವರು, ಕೆಳದಿಯ ಕಡೆಯಿಂದ ಅವನನ್ನೇ ಹುಡುಕಿ ಕರೆಸಿದ್ದರು. ಎಂಟು ತಿಂಗಳು ಅವನು ದೇವರ ಕೋಣೆಯಲ್ಲೇ ಹತಾರ ಇಟ್ಟಿದ್ದ, ಅಲ್ಲೇ ಬುತ್ತಿ ಉಂಡಿದ್ದ, ಮಧ್ಯಾಹ್ನ ಅಲ್ಲೇ ಗೊರಕೆ ಹೊಡೆದಿದ್ದ. ಗೋಡೆಯೊಳಗಿನ ಗೂಡಿಗೆ ಚೌಕಟ್ಟು ಕೂರಿಸಿದ್ದೂ ಅವನೇ. ಕದದ ಹಲಸು ಮಾತ್ರ ಒಣಗಿರಲಿಲ್ಲ. ಇನ್ನೊಂದು ತಿಂಗಳು ತಡೆಯಿರಿ ಅಂದರೆ ಮುಹೂರ್ತ ಕೇಳುತ್ತದೆಯೇ? ಗೃಹಪ್ರವೇಶ ಆಯಿತು, ಹೋಮ ಆಯಿತು, ದೇವರು ಒಳಗೆ ಬಂದರು. ಅವರು ಬಂದದ್ದೇ ಕೆರಿಯಪ್ಪ ಹೊರಗಿನವನಾದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು!

"ಇಟ್ಟು ಹೋದ್ರೆ ಕೂರ್ಸೋರು ಯಾರು ಅಮ್ಮಾ?"

"ರಾಮು ಕೂರಿಸ್ತಾನೆ."

ರಾಮು ಎಂದರೆ ಅವರ ಮಗ, ಐವತ್ತು ದಾಟಿದ ರಾಮಚಂದ್ರಪ್ಪನವರು. ಉಳಿಯ ಹಿಡಿ ಯಾವುದು, ಬಾಯಿ ಯಾವುದು ಎಂದೂ ತಿಳಿಯದ ಮನುಷ್ಯ. ನೋಡಿಯೇ ಬಿಡೋಣ ಎಂದು ಕೆರಿಯಪ್ಪ ಕಂಬಕ್ಕೆ ಒರಗಿ ಕೂತ.

ಸಾಧಾರಣ ಕದವಾಗಿದ್ದರೆ ಯಾರಾದರೂ ನಾಲ್ಕು ತಿರುಪು ಬಿಗಿದು ಕೂರಿಸಬಹುದಿತ್ತು. ಆದರೆ ರಾಮಚಂದ್ರಪ್ಪನವರು ತೀರ್ಥಹಳ್ಳಿಯ ಬೀಗರ ಮನೆಯಲ್ಲಿ ಕೀಲೇ ಕಾಣದ ಬೀರು ನೋಡಿ ಬಂದಿದ್ದರು. ತಮ್ಮ ದೇವರಿಗೂ ಅಂಥದ್ದೇ ಆಗಬೇಕು, ಕದಗಳ ನಡುವೆ ಕಾಗದವೂ ತೂರಬಾರದು ಎಂದು ಹಟ ಹಿಡಿದಿದ್ದರು. ನಾಲ್ಕು ಹಲಗೆ ಹಾಳು ಮಾಡಿ ಕೆರಿಯಪ್ಪ ಆ ವಿದ್ಯೆ ಕಲಿತ. ಹಿತ್ತಾಳೆಯ ಕೀಲುಗಳು ಕದದ ದಪ್ಪದೊಳಗೇ ಅಡಗಿದ್ದವು. ಕೆಳಗಿನದನ್ನು ಚೌಕಟ್ಟಿನ ಕುಳಿಯಲ್ಲಿ ಇಳಿಸಿ, ಕದವನ್ನು ತುಸುವೇ ಓರೆ ಮಾಡಿ, ಮೇಲಿನದನ್ನು ಉಳಿಯ ಮೊನೆಯಿಂದ ಮೇಲಕ್ಕೆ ಸರಿಸಬೇಕು. ಅದು ಕೈಗೆ ತಿಳಿಯಬೇಕೇ ಹೊರತು ಕಣ್ಣಿಗೆ ತಿಳಿಯುವ ಕೆಲಸವಲ್ಲ.

ರಾಮಚಂದ್ರಪ್ಪನವರು ಕದ ಎತ್ತಿಕೊಂಡು ಹೋದದ್ದೇ ಒಳಗೆ ಗುದ್ದಾಟ ಶುರುವಾಯಿತು.

"ಕೀಲು ಎಲ್ಲಿದೆಯೋ?" ರಾಮಚಂದ್ರಪ್ಪನವರು ಕೂಗಿದರು.

"ಒಳಗೈತೆ ಒಡೇರೇ."

"ಒಳಗೆ ಅಂದ್ರೆ ಎಲ್ಲಿ ಮಾರಾಯಾ?"

"ಕಾಣ್ದಂಗೆ ಮಾಡು ಅಂದೋರು ನೀವೇ ಅಲ್ವ್ರಾ?"

ದಢಾರನೆ ಏನೋ ಬಿತ್ತು. ರಾಮಚಂದ್ರಪ್ಪನವರು ಕಾಲ್ಬೆರಳು ಹಿಡಿದುಕೊಂಡು ಕುಂಟುತ್ತ ಬಂದರು. "ಹೆಂಗೆ ಅಂತ ಬಾಯಲ್ಲಿ ಹೇಳು."

"ಬಾಯಲ್ಲಿ ಬರೋ ಕೆಲ್ಸ ಆಗಿದ್ರೆ ಇಪ್ಪತ್ತು ವರ್ಷ ಉಳಿ ಯಾಕೆ ಹಿಡೀತಿದ್ದೆ? ಕೀಲೂ ಕಾಣ್ಬಾರ್ದು, ಕೀಲು ಮಾಡ್ದೋನೂ ಕಾಣ್ಬಾರ್ದು ಅಂದ್ರೆ ಆಗಾಕಿಲ್ಲ ಒಡೇರೇ. ನಾನೇ ಒಳಗೆ ಬರ್ಬೇಕು. ಇಲ್ಲಾಂದ್ರೆ ಕದ ಬಂದ ದಾರೀಲೇ ವಾಪಸ್ಸು."

ಕೆರಿಯಪ್ಪನ ಅಪ್ಪ ಇಂಥ ಮನೆತನದವರ ಮುಂದೆ ತಲೆ ಎತ್ತಿ ಮಾತಾಡಿದವನಲ್ಲ. ಆದರೂ ಆಡಿದ ಮಾತನ್ನು ಅವನು ನುಂಗಲಿಲ್ಲ. ತಾಯಿ ಮಗ ಒಳಗೆ ಗುಸುಗುಸು ಮಾತಾಡಿ ಕೊನೆಗೆ ಒಪ್ಪಿದರು. ಕೆರಿಯಪ್ಪ ಹೋಗಿ ಕದ ಕೂರಿಸಿದ. ಬೆರಳ ತುದಿಯಿಂದ ತಳ್ಳಿದರೆ ಸದ್ದಿಲ್ಲದೆ ತಿರುಗಿ ಬಂದು ಕೂಡಿಕೊಂಡವು. ಅವನಿಗೇ ಹೆಮ್ಮೆಯಾಯಿತು.

"ಎಂಟು ದಿನ ಬಿಟ್ಟು ಬಂದು ಎಣ್ಣೆ ಕುಡಿಸ್ತೀನಿ. ಅಲ್ಲೀವರೆಗೆ ನೀರು ತಾಗಿಸ್ಬ್ಯಾಡಿ, ಹಲಸು ಉಬ್ಬಿ ಕಚ್ಕಂತೈತೆ," ಎಂದು ಹೇಳಿ ಹೊರಟ.

ಅಂಗಳ ದಾಟುವ ಮೊದಲೇ ಹಿಂದಿನಿಂದ ಕೊಡಗಟ್ಟಲೆ ನೀರು ಸುರಿಯುವ ಸದ್ದು ಕೇಳಿತು. ಅವನ ಹೆಜ್ಜೆ ಬಿದ್ದ ಕಡೆಯೆಲ್ಲ ಮೀನಾಕ್ಷಮ್ಮ ತೊಳೆಯುತ್ತಿದ್ದರು. ಕದವನ್ನೂ ಬಿಡಲಿಲ್ಲ. ಮೊದಲು ಅವನಿಗೆ ನಾಚಿಕೆಯಾಯಿತು. ನಾಚಬೇಕಾದವನು ತಾನಲ್ಲ ಎಂದು ಹೊಳೆದ ಮೇಲೆ ಮೈ ಉರಿಯಿತು.

ಮೂರನೆಯ ದಿನ ಬೆಳಿಗ್ಗೆ ರಾಮಚಂದ್ರಪ್ಪನವರ ಗಾಡಿ ಅವನ ಮನೆಯ ಮುಂದೆ ನಿಂತಿತು.

"ಕೆರಿಯಪ್ಪಾ," ಎಂದರು. ಗರಜು ಬಿದ್ದರೆ ಹೆಸರಿಗೆ ಬಾಲ ತಾನಾಗಿ ಬರುತ್ತದೆ. "ಕದ ಕಚ್ಚಿಕೊಂಡಿದೆ. ದೇವರು ಒಳಗೇ ಉಳೀತು. ಒಡೆಯೋಣ ಅಂದ್ರೆ ಅಪಶಕುನ. ಪೂಜೆ ಇಲ್ಲದೆ ಅಮ್ಮ ತೊಟ್ಟು ನೀರೂ ಮುಟ್ಟೋದಿಲ್ಲ, ಎರಡು ದಿನ ಆಯ್ತು."

ಮುದುಕಿ ಉಪವಾಸ ಇರಲಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ಕಲ್ಲು ಮನಸ್ಸು ಅವನದಲ್ಲ. ಹತಾರ ಎತ್ತಿಕೊಂಡು ಗಾಡಿ ಹತ್ತಿದ.

ಈ ಸಲ ಜಗಲಿಯಲ್ಲಿ ನಿಲ್ಲಲಿಲ್ಲ, ಕೇಳಲೂ ಇಲ್ಲ. ನೆಟ್ಟಗೆ ದೇವರ ಕೋಣೆಗೆ ನಡೆದ. ಸಂದಿಗೆ ತೆಳ್ಳನೆಯ ಅಲಗು ಹಾಕಿ, ಮೆಲ್ಲಗೆ ಬಡಿದು ಕದ ಬಿಡಿಸಿದ. ಉಬ್ಬಿದ ಅಂಚನ್ನು ಕೀಸಿ ಮತ್ತೆ ಕೂರಿಸಿದ. ದೇವರು ಕಂಡದ್ದೇ ಮೀನಾಕ್ಷಮ್ಮ ಕೈಮುಗಿದರು. ಅವರ ಕಣ್ಣಲ್ಲಿ ನೀರಿತ್ತು.

"ಎಣ್ಣೆ ಕೊಡಿ ಅಮ್ಮಾ. ಈಗ್ಲೇ ಕುಡಿಸ್ತೀನಿ."

ಅವರು ಬಟ್ಟಲು ತಂದು, ಯಾವಾಗಿನಂತೆ ಎರಡು ಮಾರು ದೂರದಲ್ಲಿ ನೆಲಕ್ಕಿಟ್ಟು ಹಿಂದೆ ಸರಿದರು. ಕೆರಿಯಪ್ಪ ಬಗ್ಗಲಿಲ್ಲ. ಅಂಗೈ ಚಾಚಿ ನಿಂತ.

"ಅಲ್ಲಿಟ್ಟಿದೀನಲ್ಲ, ತಗೋ."

"ಕೈಗೆ ಕೊಡಿ. ಈ ಕೈ ಮಾಡಿದ ಕದದೊಳಗೆ ನಿಮ್ಮ ದೇವ್ರು ಎರಡು ದಿನ ಕೂತಿತ್ತು. ಅದೇನೂ ಮೈಲಿಗೆ ಅನ್ಲಿಲ್ಲ."

ರಾಮಚಂದ್ರಪ್ಪನವರು ಮಾಡಿನ ತೊಲೆ ಎಣಿಸತೊಡಗಿದರು. ಕೆರಿಯಪ್ಪನ ತೋಳು ನೋಯತೊಡಗಿತು, ಆದರೂ ಇಳಿಸಲಿಲ್ಲ. ಮೀನಾಕ್ಷಮ್ಮ ಒಮ್ಮೆ ದೇವರನ್ನು ನೋಡಿದರು, ಒಮ್ಮೆ ಆ ಕೈಯನ್ನು ನೋಡಿದರು. ಆಮೇಲೆ ಬಗ್ಗಿ, ಬಟ್ಟಲನ್ನೆತ್ತಿ ಅವನ ಅಂಗೈಯಲ್ಲಿಟ್ಟರು. ಅವರ ಬೆರಳುಗಳು ತಣ್ಣಗಿದ್ದವು.

ಈಗ ಮೀಯಲು ಹೋಗುತ್ತಾರೆ ಎಂದು ಅವನು ಕಾದ. ಅವರು ಹೋಗಲಿಲ್ಲ. ಅಲ್ಲೇ ಗೋಡೆಗೆ ಒರಗಿ ಕೂತು, ಅವನು ಎಣ್ಣೆ ಉಜ್ಜುವುದನ್ನು ನೋಡುತ್ತಿದ್ದರು.

"ಅಂಚಿಗೂ ಸರಿಯಾಗಿ ಹಚ್ಚು," ಎಂದರು.