ವಾರಗಿತ್ತಿಯ ಸಾಕ್ಷಿ

"ನಾಲಿಗೆ ಎತ್ತಿ. ಇನ್ನೂ ಮೇಲೆ."

ದೊಡ್ಡವಳು ಎತ್ತಿದಳು. ನರ್ಸ್ ಟಾರ್ಚ್ ಹಿಡಿದು ಬಗ್ಗಿದಳು. ನಾಲಿಗೆಯ ಕೆಳಗೆ ಏನೂ ಇರಲಿಲ್ಲ. ಬಲಗೆನ್ನೆಯೊಳಗೂ ಇರಲಿಲ್ಲ. ಎಡಗೆನ್ನೆಗೆ ಬೆರಳು ಹಾಕುವಷ್ಟರಲ್ಲಿ ಹಲ್ಲುಗಳು ಮೆಲ್ಲಗೆ ಮುಚ್ಚಿಕೊಂಡವು. ಕಚ್ಚಲಿಲ್ಲ, ಹಿಡಿದುಕೊಂಡವು ಅಷ್ಟೆ.

"ಬಿಡ್ತೀರೋ, ಮೂಗು ಹಿಡೀಲೋ?"

ಹಲ್ಲು ಸಡಿಲವಾದವು. ಕೈಗವಸು ತೊಟ್ಟ ಬೆರಳು, ಬಿದ್ದುಹೋದ ದವಡೆ ಹಲ್ಲಿನ ಗುಳಿಯಿಂದ ಒಂದು ಮಾತ್ರೆಯನ್ನು ಕೆದಕಿ ತೆಗೆಯಿತು. ಆಮೇಲೆ ಇನ್ನೊಂದು. ಮೂರನೆಯದನ್ನು ದೊಡ್ಡವಳು ತಾನೇ ಉಗುಳಿದಳು. ಮೂರೂ ಕೆಂಪು, ಅಂಚಿನಲ್ಲಿ ಬಣ್ಣ ಕರಗಿ ಒಳಗಿನ ಕಂದು ಇಣುಕುತ್ತಿತ್ತು.

"ಹದ್ದಿನ ಕಣ್ಣು ಸಿಸ್ಟರ್ ನಿಮ್ದು," ಎಂದು ಬಾಯಿ ಒರೆಸಿಕೊಂಡಳು. "ನಮ್ಮತ್ತೆ ಇದ್ದಾಗ ಈ ಬಾಯಿಂದ ಒಂದು ಮಾತು ಕೀಳಕ್ಕೆ ಅವರಿಗೂ ಆಗ್ಲಿಲ್ಲ. ನೀವು ಮೂರು ಮಾತ್ರೆ ಕಿತ್ರಿ." ನಗಲು ಹೋಗಿ ಕೆಮ್ಮಿದಳು. ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ಮೂಲೆಯ ಡಬ್ಬದಲ್ಲಿ ಬೂದಿ ಹಾಕಿಟ್ಟಿದ್ದರು, ಅದರಲ್ಲಿ ಉಗುಳಿದಳು. ಬೂದಿಯ ಮೇಲೆ ರಕ್ತದ ಎಳೆ ಬಿತ್ತು.

ಅನುಮಾನ ತಂದದ್ದು ತಕ್ಕಡಿ. ಟಿಬಿ ಎಂದು ಗೊತ್ತಾದಾಗ ದೊಡ್ಡವಳ ತೂಕ ಮೂವತ್ತೇಳು ಕಿಲೋ. ಎರಡು ತಿಂಗಳು ಔಷಧಿ ನುಂಗಿದ ಮೇಲೆ ಮೂವತ್ತೊಂಬತ್ತು. ಆಮೇಲಿನ ಎರಡು ತಿಂಗಳಲ್ಲಿ ಇಳಿದು ಇಳಿದು, ಇವತ್ತು ಮೂವತ್ತೊಂದು. ಆದರೆ ಔಷಧಿಯ ಕಾರ್ಡಿನಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ದಿನಕ್ಕೊಂದು ಗೀಟು, ಪೆನ್ಸಿಲ್ಲಿನಲ್ಲಿ, ಒತ್ತಿ ಒತ್ತಿ ಎಳೆದದ್ದು.

ಗೀಟು ಎಳೆಯುವವಳು ಚಿಕ್ಕವಳು, ಅಂದರೆ ದೊಡ್ಡವಳ ವಾರಗಿತ್ತಿ, ಮೈದುನನ ಹೆಂಡತಿ. ಮಾತ್ರೆಯನ್ನು ಯಾರಾದರೊಬ್ಬರ ಕಣ್ಣೆದುರೇ ನುಂಗಬೇಕೆಂಬುದು ನಿಯಮ. ಆರೋಗ್ಯ ಕೇಂದ್ರದಿಂದ ಈ ಮನೆಗೆ ಮೂರು ಗಂಟೆ ಗುಡ್ಡ ಹತ್ತಬೇಕು, ನರ್ಸ್ ಬರುವುದು ಸೋಮವಾರ ಮಾತ್ರ. ದಿನದಿನದ ಸಾಕ್ಷಿ ಯಾರು? ಗಂಡಸರಿಬ್ಬರೂ ಎಲ್ಲೋ ಸುರಂಗ ಕೊರೆಯುವ ಕೆಲಸದಲ್ಲಿದ್ದರು. ವರ್ಷಕ್ಕೆ ಎರಡು ಸಲ ಮುಖ ತೋರಿಸುತ್ತಿದ್ದರು. ನರ್ಸ್ ಯೋಚಿಸಿಯೇ ಚಿಕ್ಕವಳನ್ನು ಆರಿಸಿದ್ದಳು. ಈ ಇಬ್ಬರ ನಡುವೆ ಉಪ್ಪಿಗೂ ಜಗಳ, ನೀರಿಗೂ ಜಗಳ. ವಾರಗಿತ್ತಿಯ ತಪ್ಪನ್ನು ವಾರಗಿತ್ತಿ ಮುಚ್ಚಿಡುವುದುಂಟೆ? ಈ ಉಪಾಯ ಕೇಳಿ ತಿಂಗಳಿಗೊಮ್ಮೆ ಬರುವ ಡಾಕ್ಟರು ನಕ್ಕು, ಬೇರೆ ಕೇಂದ್ರಗಳಿಗೂ ಹೇಳುತ್ತೇನೆ ಎಂದಿದ್ದರು. ಆ ದಿನವಿಡೀ ನರ್ಸ್‌ಗೆ ಕಾಲು ನೆಲದಲ್ಲಿ ನಿಂತಿರಲಿಲ್ಲ.

ಚಿಕ್ಕವಳು ಕೊಡ ಹೊತ್ತು ಒಳಗೆ ಬಂದಳು. ಸೊಂಟದಲ್ಲಿ ಮಗು. ಮಗುವಿನ ಕೈಯಲ್ಲಿ ಅವಳ ಕೂದಲು.

"ಏನಮ್ಮಾ, ಇವತ್ತಿಂದೂ ಗೀಟು ಎಳೆದಿದೀಯ?" ನರ್ಸ್ ಕಾರ್ಡು ತೋರಿಸಿದಳು.

"ನೀರಿಗೆ ಹೋಗೋ ಮುಂಚೆ ಈಗ್ತಾನೇ ಎಳೆದೆ. ನುಂಗಿದ್ಲಲ್ಲ ಅಕ್ಕ. ನೀರು ಕುಡಿದಿದ್ದು ನಾನೇ ನೋಡಿದೀನಿ."

"ನೀರು ಕುಡಿದ್ರು. ಇವು ಅಲ್ಲೇ ಇದ್ವು." ನರ್ಸ್ ಅಂಗೈ ಚಾಚಿದಳು.

ಚಿಕ್ಕವಳು ಕೊಡ ಇಳಿಸಿ, ಬಗ್ಗಿ ನೋಡಿದಳು. "ಇವು ಅಕ್ಕಂದಲ್ಲ ಸಿಸ್ಟರ್. ನನ್ನವು."

"ನಿನ್ನವಾ?"

"ಹೂಂ. ಎರಡನೇ ಡಬ್ಬಿವು, ಬಣ್ಣ ಬಿಟ್ಟಿರೋವು. ಅಕ್ಕಂದು ಹೊಳೀತವೆ. ನಂಗೆ ಹಳೇ ಸ್ಟಾಕು ಕೊಟ್ಟಿದೀರ ಅಂತ ಅಕ್ಕ ಹೇಳಿದ್ಲು. ಪರವಾಗಿಲ್ಲ, ಕೆಲಸ ಮಾಡ್ತವೆ. ಕೆಮ್ಮು ನಿಂತೇ ಹೋಗಿದೆ."

ನರ್ಸ್ ಗೋಡೆಗೆ ಒರಗಿದ್ದ ದೊಡ್ಡವಳ ಕಡೆ ತಿರುಗಿದಳು. ದೊಡ್ಡವಳು ಕಿಟಕಿಯಾಚೆಗಿನ ಏನನ್ನೋ ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಅಲ್ಲಿ ಏನೂ ಇರಲಿಲ್ಲ.

"ನಿನ್ನ ಉಚ್ಚೆ ಯಾವ ಬಣ್ಣ?" ಎಂದು ನರ್ಸ್ ಚಿಕ್ಕವಳನ್ನು ಕೇಳಿದಳು.

"ಕೆಂಪು. ನೀವೇ ಹೇಳಿದ್ರಂತಲ್ಲ, ಮಾತ್ರೆಗೆ ಹಾಗಾಗುತ್ತೆ, ಹೆದರಬೇಡ ಅಂತ."

ಹೇಳಿದ್ದು ಹೌದು. ಹೇಳಿದ್ದು ದೊಡ್ಡವಳಿಗೆ.

ಎರಡನೇ ಡಬ್ಬಿ ಎಂಬುದು ಇರಲೇ ಇಲ್ಲ. ಪಟ್ಟಣದಿಂದ ಬರುವುದು ಹೆಸರಿಗೊಂದು ಡಬ್ಬಿ, ಮುಚ್ಚಳದ ಮೇಲೆ ಹೆಸರು ಅಂಟಿಸಿ. ಕಫದಲ್ಲಿ ರೋಗ ಕಾಣದೆ ಹೆಸರು ಬರೆಯುವುದಿಲ್ಲ. ದೊಡ್ಡವಳು ಔಷಧಿ ನುಂಗತೊಡಗಿದ ದಿನಗಳಲ್ಲೇ ಚಿಕ್ಕವಳೂ ಕೆಮ್ಮತೊಡಗಿದ್ದಳು. ನರ್ಸ್ ಅವಳ ಕಫವನ್ನು ಎರಡು ಸಲ ಬಸ್ಸಿನಲ್ಲಿ ಕಳಿಸಿದ್ದಳು. ಮೊದಲ ಬಾಟಲಿಯ ಮುಚ್ಚಳ ಸೋರಿತು. ಎರಡನೆಯದು ಬಸ್ಸಿನ ತಲೆಯ ಮೇಲೆ ಮೂರು ದಿನ ಬಿಸಿಲು ಕಾಯಿತು. ಎರಡು ಸಲವೂ ಒಂದೇ ಚೀಟಿ ಬಂತು: ಪರೀಕ್ಷೆಗೆ ಯೋಗ್ಯವಲ್ಲ. ಮೂರನೇ ಸಲಕ್ಕೆ ಕೇಂದ್ರದಲ್ಲಿ ಬಾಟಲಿಯೇ ಇರಲಿಲ್ಲ. ಮುಂದಿನ ವಾರ ತರ್ತೀನಿ ಎಂದು ದೊಡ್ಡವಳ ಹತ್ತಿರ ಹೇಳಿದ್ದಳು ನರ್ಸ್. ಎಷ್ಟು ವಾರ ಹಾಗೆ ಎಂದಿದ್ದಳೆಂಬುದು ಅವಳಿಗೇ ನೆನಪಿರಲಿಲ್ಲ.

"ನಿಮ್ಮ ಬಾಟಲಿಗೆ ಕಾದಿದ್ರೆ ಇವಳು ಮಣ್ಣು ಸೇರಿ ಮೇಲೆ ಹುಲ್ಲು ಬೆಳೀತಿತ್ತು," ಎಂದಳು ದೊಡ್ಡವಳು, ಕಿಟಕಿಯಿಂದ ಕಣ್ಣು ತೆಗೆಯದೆ. "ಮೊಲೆ ಕುಡಿಯೋ ಕೂಸು. ಆಮೇಲೆ ಅದನ್ನ ಯಾರು ನೋಡ್ಕೋತಾರೆ, ನಾನಾ? ನಂಗೆ ಮಕ್ಕಳ ಗಲಾಟೆ ಆಗಿಬರಲ್ಲ."

ಚಿಕ್ಕವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದು ಅವಳ ಮುಖದಲ್ಲಲ್ಲ, ಕೈಯಲ್ಲಿ ಕಾಣಿಸಿತು. ಮಗುವಿನ ಮುಷ್ಟಿಯಿಂದ ಕೂದಲನ್ನು ಒಂದೊಂದೇ ಎಳೆಯಾಗಿ ಬಿಡಿಸಿ, ಮಗುವನ್ನು ನೆಲದ ಮೇಲೆ ಕೂರಿಸಿದಳು.

"ಬಾಯಿಂದ ತೆಗೆದು ಕೊಟ್ಯಾ?"

"ಒರೆಸಿ ಕೊಟ್ಟೆ ಕಣೆ."

"ತೊಳೀಲಿಲ್ವಾ?"

"ತೊಳೆದ್ರೆ ಕರಗ್ತಿತ್ತು."

"ಎರಡು ತಿಂಗಳು ನಿನ್ನ ಎಂಜಲು ತಿಂದೆ ನಾನು."

"ತಿಂದು ಗುಂಡುಕಲ್ಲಿನ ಹಾಗೆ ಆಗಿದೀಯ. ಬಯ್ಯೋದಾದ್ರೆ ಬಯ್ಯಿ, ಬಾಯಿಗೆ ಬೀಗ ಹಾಕ್ಕೊಂಡು ನಿಲ್ಲಬೇಡ."

ಚಿಕ್ಕವಳು ಬಯ್ಯಲಿಲ್ಲ. ಇಷ್ಟು ವರ್ಷದಲ್ಲಿ ಅವಳು ಬಯ್ಯದೆ ನಿಂತದ್ದು ಇದೇ ಮೊದಲು. ದೊಡ್ಡವಳು ಕಿಟಕಿ ಬಿಟ್ಟು ಅವಳತ್ತ ನೋಡಬೇಕಾಯಿತು.

ನರ್ಸ್ ಕೂತು ದೊಡ್ಡವಳ ಕಾಲಿನ ಹೊದಿಕೆ ಸರಿಸಿದಳು. ಪಾದ ಊದಿತ್ತು. ಹೆಬ್ಬೆರಳಿಂದ ಒತ್ತಿದಳು. ಗುಳಿ ಬಿತ್ತು, ಬಿದ್ದ ಗುಳಿ ಏಳಲಿಲ್ಲ. ಡಾಕ್ಟರು ಬರಲು ಇನ್ನೂ ಮೂರು ವಾರ. ಅವಳನ್ನು ಹೊತ್ತು ಗುಡ್ಡ ಇಳಿಸಲು ನಾಲ್ಕು ಹೆಗಲು ಬೇಕು, ಇಳಿಸಿದರೂ ಪಟ್ಟಣಕ್ಕೆ ಮತ್ತೆ ಒಂದು ದಿನದ ಬಸ್ಸು. ಈ ಮೈ ಅಷ್ಟು ದೂರ ತಾಳುವುದಿಲ್ಲ. ನರ್ಸ್ ಹೊದಿಕೆಯನ್ನು ಮೊದಲಿದ್ದ ಹಾಗೇ ಮುಚ್ಚಿದಳು. ಆ ಮುಚ್ಚುವ ರೀತಿಯನ್ನು ಇಬ್ಬರು ಹೆಂಗಸರೂ ನೋಡಿದರು.

"ನಾಳೆಯಿಂದ ಅಕ್ಕ ನುಂಗ್ಲಿ," ಎಂದಳು ಚಿಕ್ಕವಳು. "ನಂಗೆ ವಾಸಿಯಾಗಿದೆ."

"ಆಗಿಲ್ಲ. ಆದ ಹಾಗೆ ಕಾಣುತ್ತೆ," ಎಂದಳು ನರ್ಸ್. "ಅರ್ಧಕ್ಕೆ ಬಿಟ್ರೆ ತಿರುಗಿ ಬರುತ್ತೆ, ಬಂದ್ಮೇಲೆ ಈ ಮಾತ್ರೆಗೆ ಬಗ್ಗಲ್ಲ."

"ಈಗ ಬಾಟಲಿ ಕಳ್ಸಿ. ನನ್ನ ಹೆಸರಿಗೂ ಡಬ್ಬಿ ಬರುತ್ತೆ."

"ಎರಡು ತಿಂಗಳು ನುಂಗಿದೀಯ. ಈಗ ಕಫದಲ್ಲಿ ಏನೂ ಕಾಣದೇ ಇರಬಹುದು. ಕಾಣದಿದ್ರೆ ಡಬ್ಬಿ ಇಲ್ಲ."

"ಹಾಗಿದ್ರೆ ಅರ್ಧರ್ಧ. ಇಬ್ಬರೂ."

"ಅರ್ಧರ್ಧ ನುಂಗಿದ್ರೆ ಇಬ್ಬರೂ ಹೋಗ್ತೀರ."

ಮಗು ನೆಲದ ಮೇಲಿನ ಕಾರ್ಡನ್ನು ಬಾಯಿಗಿಡಲು ಹೋಯಿತು. ನರ್ಸ್ ಕಸಿದುಕೊಂಡಳು. ಆಮೇಲೆ, ಕಾರ್ಡು ಕೈಯಲ್ಲೇ ಇದ್ದುದರಿಂದ ಹೇಳಿದಳೋ, ಮನಸ್ಸಿನಲ್ಲಿ ಮೊದಲೇ ಇತ್ತೋ, ಹೇಳಿಬಿಟ್ಟಳು.

"ಡಬ್ಬಿ ಇವರ ಹೆಸರಲ್ಲೇ ಇರ್ಲಿ. ನುಂಗೋದು ನೀನು. ಇನ್ನೆರಡು ತಿಂಗಳ ಮಾತ್ರೆ ಇದೆ, ಮುಂದಿಂದು ಇದೇ ಹೆಸರಲ್ಲಿ ತರಿಸ್ತೀನಿ. ಕಾರ್ಡಲ್ಲಿ ನಿನ್ನ ತೂಕ ಬರೀತೀನಿ. ಯಾರಾದ್ರೂ ಬಂದು ಕೇಳಿದ್ರೆ ನೀನೇ ಇವರು."

"ಅಕ್ಕ?"

ನರ್ಸ್ ಕಾರ್ಡನ್ನು ಮಡಿಸಿದಳು.

"ನಾನಿನ್ನೂ ಇಲ್ಲೇ ಇದೀನಿ, ಕಿವೀನೂ ಕೇಳುತ್ತೆ," ಎಂದಳು ದೊಡ್ಡವಳು. ದನಿಯಲ್ಲಿ ಸಂತೋಷದಂಥದ್ದೇ ಏನೋ ಇತ್ತು. "ಹೂಂ ಅನ್ನೇ. ಬಳೆ ಕೊಡ್ಲಿಲ್ಲ, ಸರ ಕೊಡ್ಲಿಲ್ಲ ಅಂತ ಊರೆಲ್ಲ ಡಂಗುರ ಹೊಡೆದ್ಯಲ್ಲ. ಹೆಸರೇ ಕೊಡ್ತಿದೀನಿ, ತಗೋ. ಹಳೇದಾದ್ರೂ ಗಟ್ಟಿ ಇದೆ."

ನರ್ಸ್ ಡಬ್ಬಿಯಲ್ಲಿನ ಪಟ್ಟಿಯಿಂದ ಮೂರು ಹೊಸ ಮಾತ್ರೆ ಒತ್ತಿ ತೆಗೆದಳು. ಲೋಟಕ್ಕೆ ಕೊಡದಿಂದ ನೀರು ಬಗ್ಗಿಸಿದಳು. ಮಾತ್ರೆ, ಲೋಟ ಎರಡನ್ನೂ ಚಿಕ್ಕವಳ ಮುಂದೆ ಹಿಡಿದಳು.

"ಬೇಡ," ಎಂದಳು ಚಿಕ್ಕವಳು.

"ನಾನು ಸತ್ತು ಹೆಣವಾದ್ಮೇಲೆ ಬುದ್ಧಿ ಬರುತ್ತಾ ನಿಂಗೆ?" ಎಂದು ದೊಡ್ಡವಳು ಕೂಗಲು ಹೋಗಿ ಕೆಮ್ಮಿನಲ್ಲಿ ಸಿಕ್ಕಿಕೊಂಡಳು. ಚಿಕ್ಕವಳು ಹೋಗಿ ಅವಳ ಬೆನ್ನು ಹಿಡಿದಳು, ಬೂದಿಯ ಡಬ್ಬವನ್ನು ಗಲ್ಲದ ಕೆಳಗಿಟ್ಟಳು, ಕೆಮ್ಮು ಮುಗಿಯುವ ತನಕ ಹಾಗೇ ಕೂತಳು.

"ಮಗುವಿನ ಮುಖ ನೋಡಮ್ಮ," ಎಂದಳು ನರ್ಸ್.

"ದಿನಾ ನೋಡ್ತೀನಿ ಸಿಸ್ಟರ್. ಅಕ್ಕನ ಪಾಲು ನಾನು ತಗೊಳ್ಳಲ್ಲ."